ಹತ್ತನೇ ಜಡ್ಜ್

1984ರ ಫೆಬ್ರವರಿ 14. ಆಗಿನ ಯುಗೊಸ್ಲಾವಿಯಾದ ಸರಾಯೆವೊ ನಗರ. ಚಳಿಗಾಲದ ಒಲಿಂಪಿಕ್ಸ್. ಜೆಟ್ರಾ ಅನ್ನೋ ಒಳಾಂಗಣ ಕ್ರೀಡಾಂಗಣದ ಮಂಜುಗಡ್ಡೆಯ ಮೇಲೆ, ನೇರಳೆ ಬಟ್ಟೆ ತೊಟ್ಟ ಒಬ್ಬ ಗಂಡು, ಒಬ್ಬ ಹೆಣ್ಣು ಎದುರುಬದುರಾಗಿ ಮಂಡಿಯೂರಿ ಕೂತಿದ್ದಾರೆ. ಸಂಗೀತ ಶುರುವಾಯ್ತು. ಇಬ್ಬರೂ ಏಳ್ತಿಲ್ಲ. ಐದು ಸೆಕೆಂಡ್ ಆಯ್ತು. ಹತ್ತಾಯ್ತು. ಹದಿನೈದಾಯ್ತು. ಕೂತಲ್ಲೇ ತೂಗ್ತಿದ್ದಾರೆ, ಬಾಗ್ತಿದ್ದಾರೆ. ಆದರೆ ಕಾಲಿನ ಬ್ಲೇಡ್ ಊರಿ ಮೇಲೇಳೋ ಲಕ್ಷಣವೇ ಇಲ್ಲ.

ಯಾಕೆ ಗೊತ್ತಾ? ಅವರು ಆರಿಸಿಕೊಂಡಿದ್ದು ಫ್ರೆಂಚ್ ಸಂಗೀತಕಾರ ರಾವೆಲ್‌ನ ‘ಬೊಲೆರೊ’. ಮೂಲ ಕೃತಿ ಕಾಲು ಗಂಟೆಯದು. ಕತ್ತರಿಸಿ ಕತ್ತರಿಸಿ 4 ನಿಮಿಷ 28 ಸೆಕೆಂಡಿಗೆ ಇಳಿಸಿದರು. ಅದಕ್ಕಿಂತ ಕಡಿಮೆ ಮಾಡೋಕೆ ಸಾಧ್ಯವೇ ಆಗಲಿಲ್ಲ. ನಿಯಮ ಏನಿತ್ತು? ನಾಲ್ಕು ನಿಮಿಷ, ಹೆಚ್ಚೆಂದರೆ ಇನ್ನೊಂದು ಹತ್ತು ಸೆಕೆಂಡ್. ಅಂದ್ರೆ 18 ಸೆಕೆಂಡ್ ಹೆಚ್ಚಾಯ್ತು. ಆಗ ಅವರು ನಿಯಮದ ಪುಸ್ತಕ ಮತ್ತೊಮ್ಮೆ ಓದಿದರು. ಗಡಿಯಾರ ಶುರುವಾಗೋದು ಸಂಗೀತ ಶುರುವಾದಾಗ ಅಲ್ಲ, ಬ್ಲೇಡಿನ ಮೇಲೆ ಸ್ಕೇಟಿಂಗ್ ಶುರುವಾದಾಗ! ಸರಿ, ಹಾಗಾದರೆ ಅಷ್ಟೂ ಸೆಕೆಂಡ್ ಮಂಡಿಯ ಮೇಲೇ ಇರೋಣ ಅಂತ ತೀರ್ಮಾನ ಮಾಡಿದರು. ಇಂಜಿನಿಯರಿಂಗ್ ಓದಿದ ಯಾರಿಗೇ ಆಗಲಿ ಈ ಕಥೆ ಕೇಳಿದರೆ ಒಂದು ಖುಷಿ ಆಗುತ್ತೆ. ನಿಯಮ ಮುರಿದಿಲ್ಲ, ಆದರೆ ನಿಯಮದ ಸಂದಿಯಲ್ಲಿ ಒಂದು ಕಾವ್ಯ ನುಗ್ಗಿಸಿಬಿಟ್ಟಿದ್ದಾರೆ. ಇವತ್ತಿಗೂ ಆ ಪ್ರದರ್ಶನದಲ್ಲಿ ಜನ ನೆನಪಿಟ್ಟುಕೊಂಡಿರೋದು ಆ ಆರಂಭವನ್ನೇ.

ಆಕೆ ಜೇನ್ ಟೊರ್ವಿಲ್. ಆತ ಕ್ರಿಸ್ಟೋಫರ್ ಡೀನ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನವರು. ಆಕೆ ವಿಮಾ ಕಂಪನಿಯಲ್ಲಿ ಗುಮಾಸ್ತೆಯಾಗಿದ್ದವಳು, ಆತ ಪೊಲೀಸ್ ಆಗಿದ್ದವನು. ಇಬ್ಬರೂ ಕೆಲಸ ಬಿಟ್ಟು ಮಂಜುಗಡ್ಡೆ ನಂಬಿಕೊಂಡು ಬಂದವರು. ನಾಲ್ಕು ನಿಮಿಷ ಮುಗೀತು. ಒಂಬತ್ತು ಜಡ್ಜ್‌ಗಳು ಅಂಕ ಕೊಟ್ಟರು. ಕಲಾತ್ಮಕತೆಗೆ 6.0, 6.0, 6.0... ಒಂಬತ್ತಕ್ಕೆ ಒಂಬತ್ತೂ ಆರು. ತಾಂತ್ರಿಕ ಅಂಕದಲ್ಲಿ ಇನ್ನೂ ಮೂರು ಆರು. ಬ್ರಿಟನ್ನಿನಲ್ಲಿ 2 ಕೋಟಿ 40 ಲಕ್ಷಕ್ಕೂ ಹೆಚ್ಚು ಜನ ಆ ರಾತ್ರಿ ಟಿವಿ ಮುಂದೆ ಕೂತಿದ್ದರು.

ಈಗ ಒಂದು ಪ್ರಶ್ನೆ. 6.0 ಅಂದ್ರೇನು? ಪರಿಪೂರ್ಣ ಅಂತ. ಇದಕ್ಕಿಂತ ಚೆನ್ನಾಗಿ ಆಗೋಕೆ ಸಾಧ್ಯ ಇಲ್ಲ ಅಂತ. ಹಾಗಂತ ಹೇಳಿದ್ದು ಯಾರು? ಒಂಬತ್ತು ಜನ ಮನುಷ್ಯರು.

ನೂರು ಮೀಟರ್ ಓಟದಲ್ಲಿ ಗಡಿಯಾರ ಹೇಳುತ್ತೆ. ಹೈಜಂಪ್‌ನಲ್ಲಿ ಅಡ್ಡಕೋಲು ಹೇಳುತ್ತೆ. ಕ್ರಿಕೆಟ್‌ನಲ್ಲಿ ಸ್ಕೋರ್‌ಬೋರ್ಡ್ ಇದೆ. ಫಿಗರ್ ಸ್ಕೇಟಿಂಗ್‌ನಲ್ಲಿ ಹೇಳೋದು ಕಣ್ಣು. ಅಲ್ಲಿ ಮೇಜಿನ ಹಿಂದೆ ಕೂತ ಒಂಬತ್ತು ಜೊತೆ ಕಣ್ಣು ನೋಡಿದ್ದನ್ನೇ ಮನೆಯಲ್ಲಿ ಕೂತ ನೀವೂ ನೋಡಿದ್ದೀರಿ. ಅವರ ತೀರ್ಪು ಬರೋಕೂ ಮೊದಲೇ ನಿಮ್ಮ ತೀರ್ಪು ಬಂದಿರುತ್ತೆ. ಈ ಆಟದ ಅಭಿಮಾನಿ ಅಂದ್ರೆ ಯಾರೂ ನೇಮಕ ಮಾಡದ ಹತ್ತನೇ ಜಡ್ಜ್. ಜಪಾನ್, ರಷ್ಯಾ, ಕೊರಿಯಾ, ಅಮೆರಿಕದಲ್ಲಿ ಲಕ್ಷಗಟ್ಟಲೆ ಜನ ನಿದ್ದೆಗೆಟ್ಟು ಈ ಆಟ ನೋಡ್ತಾರಲ್ಲ, ಅವರ ಹುಚ್ಚಿನ ಗುಟ್ಟು ಇರೋದು ಇಲ್ಲೇ ಅಂತ ನನಗನ್ನಿಸುತ್ತೆ. ಚೆಂದದ ಬಟ್ಟೆ, ಸಂಗೀತ, ಗಿರಕಿ, ಅದೆಲ್ಲ ಇದ್ದೇ ಇದೆ. ಆದರೆ ಅಷ್ಟೇ ಆಗಿದ್ದರೆ ಬ್ಯಾಲೆ ನೋಡಬಹುದಿತ್ತು. ಬ್ಯಾಲೆಯಲ್ಲಿ ಯಾರೂ ಸೋಲಲ್ಲ. ಇಲ್ಲಿ ಸೌಂದರ್ಯದ ಮೇಲೂ ಒಂದು ಅಂಕ ಬೀಳುತ್ತೆ. ಆ ಅಂಕಕ್ಕೂ ನಮ್ಮ ಕಣ್ಣಿಗೂ ನೂರೈವತ್ತು ವರ್ಷದಿಂದ ಜಗಳ.

ಜಗಳ ಶುರುವಾಗಿದ್ದೆಲ್ಲಿ? 1860ರ ದಶಕ. ಅಮೆರಿಕದಲ್ಲಿ ಜಾಕ್ಸನ್ ಹೇನ್ಸ್ ಅಂತ ಒಬ್ಬ ಇದ್ದ. ಬ್ಯಾಲೆ ಬಲ್ಲವನು. ಆ ಕಾಲಕ್ಕೆ ಸ್ಕೇಟಿಂಗ್ ಅಂದ್ರೆ ಬೆನ್ನು ಸೆಟೆದುಕೊಂಡು, ಗಂಭೀರವಾಗಿ, ಮಂಜುಗಡ್ಡೆಯ ಮೇಲೆ ಬ್ಲೇಡಿನಿಂದ ವೃತ್ತ, ಎಂಟು ಅಂಕಿ ಇಂಥ ಆಕೃತಿಗಳನ್ನ ಕೆತ್ತೋದು. ‘ಫಿಗರ್’ ಅನ್ನೋ ಹೆಸರು ಬಂದಿದ್ದೇ ಅದರಿಂದ, ಆಡುವವರ ಮೈಕಟ್ಟಿನಿಂದ ಅಲ್ಲ! ಈ ಹೇನ್ಸ್ ಮಂಜುಗಡ್ಡೆಗೆ ಸಂಗೀತ ತಂದ, ನೃತ್ಯ ತಂದ. ಅವನ ನಾಡಿನವರು ಮೂಗು ಮುರಿದರು. ಆತ ಯುರೋಪಿಗೆ ಹೋದ. ವಿಯೆನ್ನಾದ ಜನ ತಲೆ ಮೇಲೆ ಹೊತ್ತು ಮೆರೆಸಿದರು. ವಾಲ್ಟ್ಸ್ ಕುಣಿಯೋ ಊರು ನೋಡಿ. ಅವನ ಸಮಾಧಿ ಇರೋದು ಫಿನ್‌ಲ್ಯಾಂಡಿನಲ್ಲಿ.

ಹೇನ್ಸ್ ಗೆದ್ದ ಅಂದ್ಕೊಂಡ್ರಾ? ಪೂರ್ತಿ ಗೆಲ್ಲಲಿಲ್ಲ. 1892ರಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹುಟ್ಟಿತು. ಸ್ಪರ್ಧೆ ಎರಡು ಭಾಗವಾಯ್ತು. ಒಂದು, ಗೆರೆ ಕೆತ್ತೋ ‘ಕಡ್ಡಾಯ ಆಕೃತಿ’ಗಳು. ಇನ್ನೊಂದು, ಸಂಗೀತದ ಜೊತೆ ಕುಣಿಯೋ ‘ಫ್ರೀ ಸ್ಕೇಟಿಂಗ್’. ದೊಡ್ಡ ತೂಕ ಗೆರೆಗಳಿಗೇ. 1968ರವರೆಗೂ ಒಟ್ಟು ಅಂಕದ ನೂರಕ್ಕೆ ಅರವತ್ತು ಭಾಗ ಈ ಗೆರೆಗಳದ್ದು. ಜಡ್ಜ್‌ಗಳು ಮಂಜುಗಡ್ಡೆಯ ಮೇಲೆ ಬಗ್ಗಿ, ಗೆರೆ ಮೇಲೆ ಗೆರೆ ಸರಿಯಾಗಿ ಕೂತಿದೆಯಾ ಅಂತ ಪರೀಕ್ಷೆ ಮಾಡ್ತಿದ್ದರು. ನೋಡೋಕೆ ಏನೂ ಇಲ್ಲ. ಆದರೆ ಅಳೆಯೋಕೆ ಸುಲಭ.

ಇಲ್ಲಿ ಇನ್ನೊಂದು ಸ್ವಾರಸ್ಯ. 1902ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗೆ ಲಂಡನ್ನಿನಲ್ಲಿ ಮ್ಯಾಡ್ಜ್ ಸೈಯರ್ಸ್ ಅನ್ನೋ ಹೆಣ್ಣುಮಗಳು ಹೆಸರು ಕೊಟ್ಟಳು. ಎಲ್ಲ ಗಂಡಸರೇ ಆಡ್ತಿದ್ದ ಸ್ಪರ್ಧೆ. ಹೆಂಗಸರು ಬರಬಾರದು ಅಂತ ನಿಯಮದಲ್ಲಿ ಬರೆದಿರಲೇ ಇಲ್ಲ. ಬರ್ತಾರೆ ಅಂತ ಯಾರಿಗೂ ಹೊಳೆದೇ ಇರಲಿಲ್ಲ. ಬಂದಳು, ಎರಡನೇ ಸ್ಥಾನ ಗೆದ್ದಳು. ಆಮೇಲೆ ನಿಯಮ ಬರೆದರು. ಮೊದಲು ಹೆಂಗಸರಿಗೆ ಬಾಗಿಲು ಹಾಕಿದರು, ಮುಂದೆ ಅವರಿಗೇ ಬೇರೆ ಸ್ಪರ್ಧೆ ಮಾಡಿದರು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಕೆಗೆ ಚಿನ್ನ. ಟೊರ್ವಿಲ್ ಮತ್ತು ಡೀನ್‌ಗಿಂತ ಎಷ್ಟೋ ಮೊದಲೇ ನಿಯಮದ ಸಂದಿ ಹುಡುಕಿದವಳು ಈಕೆ.

ಗೆರೆಗಳ ರಾಜ್ಯಭಾರ ಅಲುಗಾಡಿಸಿದ್ದು ಯಾರು ಅಂದ್ರೆ, ನಗಬೇಡಿ, ನಮ್ಮ ಟಿವಿ! 1972ರ ಸಪ್ಪೊರೊ ಒಲಿಂಪಿಕ್ಸ್. ಆಸ್ಟ್ರಿಯಾದ ಬಿಯಾಟ್ರಿಕ್ಸ್ ಶುಬಾ ಗೆರೆ ಕೆತ್ತೋದರಲ್ಲಿ ಸಾಟಿಯೇ ಇಲ್ಲದವಳು. ಅಲ್ಲೇ ದೊಡ್ಡ ಮುನ್ನಡೆ ಪಡೆದುಕೊಂಡಳು. ಫ್ರೀ ಸ್ಕೇಟಿಂಗ್‌ನಲ್ಲಿ ಏಳನೇ ಸ್ಥಾನ. ಆದರೂ ಚಿನ್ನ ಅವಳದ್ದೇ. ಅಮೆರಿಕದ ಜ್ಯಾನೆಟ್ ಲಿನ್ ಫ್ರೀ ಸ್ಕೇಟಿಂಗ್‌ನಲ್ಲಿ ಎಲ್ಲರಿಗಿಂತ ಮೊದಲು, ಸಿಕ್ಕಿದ್ದು ಕಂಚು. ಟಿವಿಯಲ್ಲಿ ಜನ ನೋಡಿದ್ದು ಫ್ರೀ ಸ್ಕೇಟಿಂಗ್ ಮಾತ್ರ. ಏಳನೆಯವಳಿಗೆ ಚಿನ್ನ ಹೇಗೆ ಬಂತು ಅಂತ ಅವರಿಗೆ ಅರ್ಥವೇ ಆಗಲಿಲ್ಲ. ಶುಬಾಗೆ ಅನ್ಯಾಯ ಆಗಬಾರದು, ಆಕೆ ಅಂದಿನ ನಿಯಮಕ್ಕೆ ತಕ್ಕ ಹಾಗೆ ನ್ಯಾಯವಾಗೇ ಗೆದ್ದವಳು. ಆದರೆ ಹತ್ತನೇ ಜಡ್ಜ್ ರೊಚ್ಚಿಗೆದ್ದಿದ್ದ. ಮರುವರ್ಷವೇ ಗೆರೆಗಳ ತೂಕ ಇಳಿಸಿ ‘ಶಾರ್ಟ್ ಪ್ರೋಗ್ರಾಮ್’ ಅನ್ನೋ ಹೊಸ ಸುತ್ತು ಸೇರಿಸಿದರು. 1990ಕ್ಕೆ ಗೆರೆಗಳ ಕಥೆಯೇ ಮುಗೀತು. ಹೆಸರು ಮಾತ್ರ ಉಳೀತು.

ಅದೇ ಸಪ್ಪೊರೊದಲ್ಲಿ ಇನ್ನೊಂದು ಘಟನೆ ನಡೀತು, ಸಣ್ಣದು. ಲಿನ್ ಒಂದು ಗಿರಕಿಯಲ್ಲಿ ಧೊಪ್ಪಂತ ಕೂತುಬಿಟ್ಟಳು. ಕೂತವಳು ನಗ್ತಾ ಎದ್ದಳು, ನಗ್ತಾನೇ ಮುಂದುವರಿಸಿದಳು. ಜಪಾನಿನ ಜನ ಆ ನಗುವಿಗೆ ಸೋತರು. ಚಿನ್ನ ಗೆದ್ದವಳಿಗಿಂತ ಬಿದ್ದವಳು ಅವರ ಮನೆಮಾತಾದಳು. ಜಪಾನಿನ ಮುಂದಿನ ಐವತ್ತು ವರ್ಷದ ಸ್ಕೇಟಿಂಗ್ ಹುಚ್ಚಿನ ಒಂದು ಬೇರು ಅಲ್ಲಿದೆ. ಇದನ್ನ ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ಈಗ 2002ಕ್ಕೆ ಬನ್ನಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿ. ಫೆಬ್ರವರಿ 11. ಜೋಡಿ ಸ್ಕೇಟಿಂಗ್ ಫೈನಲ್. ರಷ್ಯಾದ ಎಲೆನಾ ಬೆರೆಜ್ನಾಯಾ ಮತ್ತು ಆಂಟನ್ ಸಿಖರುಲಿಡ್ಜೆ ಒಂದು ಕಡೆ. ಕೆನಡಾದ ಜೇಮಿ ಸಲೆ ಮತ್ತು ಡೇವಿಡ್ ಪೆಲ್ಟಿಯೆ ಇನ್ನೊಂದು ಕಡೆ. ಸಿಖರುಲಿಡ್ಜೆ ಒಂದು ಜಿಗಿತ ಇಳಿಯುವಾಗ ಎಡವಿದ. ಕೆನಡಾದವರು ಒಂದೂ ತಪ್ಪಿಲ್ಲದೆ ಮುಗಿಸಿದರು. ಪ್ರೇಕ್ಷಕರೆಲ್ಲ ಆರು, ಆರು ಅಂತ ಕೂಗ್ತಿದ್ದಾರೆ. ಅಂಕ ಬಂತು. ಐದು ಜಡ್ಜ್‌ಗಳು ರಷ್ಯಾಕ್ಕೆ, ನಾಲ್ವರು ಕೆನಡಾಕ್ಕೆ. ರಷ್ಯಾ, ಚೀನಾ, ಪೋಲೆಂಡ್, ಉಕ್ರೇನ್ ಒಂದು ಕಡೆ. ಅಮೆರಿಕ, ಕೆನಡಾ, ಜರ್ಮನಿ, ಜಪಾನ್ ಇನ್ನೊಂದು ಕಡೆ. ಶೀತಲ ಸಮರ ಮುಗಿದು ಹತ್ತು ವರ್ಷ ಆದಮೇಲೂ ನಕಾಶೆ ಹೇಗೆ ಸೀಳಿದೆ ನೋಡಿ! ಐದನೇ ಮತ ಫ್ರಾನ್ಸ್‌ನದ್ದು.

ಫ್ರಾನ್ಸ್‌ನ ಆ ಮಹಿಳಾ ಜಡ್ಜ್ ತನ್ನ ಮೇಲೆ ಒತ್ತಡ ಇತ್ತು ಅಂತ ಹೇಳಿದರು. ಜೋಡಿ ಸ್ಪರ್ಧೆಯಲ್ಲಿ ರಷ್ಯಾಕ್ಕೆ ಮತ ಕೊಟ್ಟರೆ, ಐಸ್ ಡ್ಯಾನ್ಸ್‌ನಲ್ಲಿ ಫ್ರಾನ್ಸ್‌ಗೆ ಬೆಂಬಲ ಅನ್ನೋ ಕೊಡು-ಕೊಳ್ಳು ವ್ಯವಹಾರದ ಆರೋಪ. ಆಮೇಲೆ ಅವರೇ ಮಾತು ಬದಲಿಸಿ, ಇಲ್ಲ ನನಗೆ ರಷ್ಯಾದವರೇ ಉತ್ತಮ ಅನ್ನಿಸಿತ್ತು ಅಂದರು. ಅವರಿಗೂ ಫ್ರೆಂಚ್ ಒಕ್ಕೂಟದ ಅಧ್ಯಕ್ಷರಿಗೂ ಮೂರು ವರ್ಷ ಅಮಾನತು. ಕೆಲವೇ ದಿನದಲ್ಲಿ ಕೆನಡಾ ಜೋಡಿಗೂ ಒಂದು ಚಿನ್ನ ಕೊಟ್ಟು ಕೈ ತೊಳೆದುಕೊಂಡರು. ಒಂದು ಸ್ಪರ್ಧೆ, ಎರಡು ಚಿನ್ನ.

ಟಿವಿಯವನಾಗಿ ಹೇಳ್ತೀನಿ, ಇದು ನಮ್ಮವರಿಗೆ ಹಬ್ಬದೂಟ. ಮೋಸ ಹೋದ ನಾಯಕ, ನಾಯಕಿ, ಕಳ್ಳ ಜಡ್ಜ್, ಎಲ್ಲ ಇದೆ. ಅಮೆರಿಕದ ಚಾನೆಲ್‌ಗಳು ಹಗಲೂ ರಾತ್ರಿ ಉಜ್ಜಿದವು. ಆ ಗದ್ದಲದಲ್ಲಿ ಮುಚ್ಚಿಹೋದ ಒಂದು ವಿಷಯ ಹೇಳಲಾ?

ಎಲೆನಾ ಬೆರೆಜ್ನಾಯಾ. 1996ರ ಜನವರಿಯಲ್ಲಿ, ಲಾಟ್ವಿಯಾದ ರೀಗಾದಲ್ಲಿ, ಆಗಿನ ಜೊತೆಗಾರನ ಜೊತೆ ಅಭ್ಯಾಸ ಮಾಡ್ತಿದ್ದಳು. ಇಬ್ಬರೂ ಅಕ್ಕಪಕ್ಕ ನಿಂತು, ಒಂದು ಕಾಲು ಹಿಂದಕ್ಕೆ ಚಾಚಿ ಗಿರಕಿ ಹೊಡೆಯೋ ಭಂಗಿ. ಅಂತರ ತಪ್ಪಿತು. ಅವನ ಸ್ಕೇಟಿನ ಬ್ಲೇಡ್ ಇವಳ ತಲೆಬುರುಡೆ ಸೀಳಿ ಒಳಗೆ ಹೋಯ್ತು. ಹದಿನೆಂಟರ ಹುಡುಗಿ. ಶಸ್ತ್ರಚಿಕಿತ್ಸೆ ಆಯ್ತು, ಬದುಕಿದಳು. ಮಾತು ಹೋಗಿತ್ತು. ಮಗುವಿನ ಹಾಗೆ ಮಾತು ಕಲಿತಳು, ನಡೆಯೋದು ಕಲಿತಳು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸಿಖರುಲಿಡ್ಜೆಯ ಕೈ ಹಿಡಿದು ಮತ್ತೆ ಮಂಜುಗಡ್ಡೆಗೆ ಇಳಿದಳು. ಎರಡೇ ವರ್ಷಕ್ಕೆ, 1998ರ ನಾಗಾನೊದಲ್ಲಿ ಬೆಳ್ಳಿ. ಆರು ವರ್ಷಕ್ಕೆ ಸಾಲ್ಟ್ ಲೇಕ್‌ನಲ್ಲಿ ಚಿನ್ನ. ಆ ಚಿನ್ನವನ್ನ ಜಗತ್ತು ‘ಕದ್ದ ಚಿನ್ನ’ ಅಂತ ಕರೀತು.

ಈಗ ಹೇಳಿ, ಆ ರಾತ್ರಿ ಯಾರು ಚೆನ್ನಾಗಿ ಆಡಿದರು? ಹಳೆಯ ವಿಡಿಯೋ ಹಾಕಿ ನೋಡಿದರೆ ಇವತ್ತಿಗೂ ಅಭಿಮಾನಿಗಳಲ್ಲಿ ಎರಡು ಪಂಗಡ. ಕೆನಡಾದವರದ್ದು ತಪ್ಪಿಲ್ಲದ ಆಟ, ನಿಜ. ರಷ್ಯಾದವರದ್ದು ಕಠಿಣ ರಚನೆ, ಒಂದು ಚಲನೆಯಿಂದ ಇನ್ನೊಂದಕ್ಕೆ ನೀರಿನ ಹಾಗೆ ಹರಿಯೋ ಗುಣ, ಅದೂ ನಿಜ. ನನ್ನನ್ನ ಕೇಳಿದರೆ ರಷ್ಯಾದವರಿಗೆ ಮತ ಹಾಕಿದ್ದರಲ್ಲಿ ಹುಚ್ಚುತನ ಏನಿಲ್ಲ. ಆದರೆ ಮತದ ಹಿಂದೆ ವ್ಯವಹಾರ ಇತ್ತು ಅನ್ನೋ ಅನುಮಾನ ಹುಟ್ಟಿದ ಮೇಲೆ ಪ್ರಾಮಾಣಿಕ ಮತಕ್ಕೂ ಬೆಲೆ ಇಲ್ಲ. ಭ್ರಷ್ಟ ವ್ಯವಸ್ಥೆಯ ದೊಡ್ಡ ಪಾಪ ಅದೇ. ಸೋತವನಿಂದ ಗೆಲುವು ಕಸಿದುಕೊಂಡರೆ ಎರಡನೇ ಪದಕ ಕೊಡಬಹುದು. ಗೆದ್ದವಳಿಂದ ಗೆಲುವಿನ ಮರ್ಯಾದೆ ಕಸಿದುಕೊಂಡರೆ ವಾಪಸ್ ಏನು ಕೊಡ್ತೀರಿ?

6.0 ವ್ಯವಸ್ಥೆ ಅಲ್ಲಿಗೆ ಸತ್ತಿತು. 2004ರಲ್ಲಿ ಹೊಸ ಲೆಕ್ಕ ಬಂತು. ಪ್ರತಿ ಜಿಗಿತಕ್ಕೂ, ಪ್ರತಿ ಗಿರಕಿಗೂ ಒಂದು ಮೂಲಬೆಲೆ, ಅಂಗಡಿಯ ದರಪಟ್ಟಿ ಇದ್ದ ಹಾಗೆ. ತಾಂತ್ರಿಕ ತಂಡ ವಿಡಿಯೋ ನಿಧಾನ ಮಾಡಿ, ಕಾಲು ಸುತ್ತು ಕಡಿಮೆ ಆಯ್ತಾ, ಬ್ಲೇಡಿನ ಅಂಚು ಸರಿ ಇತ್ತಾ ಅಂತ ನೋಡುತ್ತೆ. ಜಡ್ಜ್‌ಗಳು ಗುಣಮಟ್ಟಕ್ಕೆ ಕೂಡಿಸ್ತಾರೆ, ಕಳೀತಾರೆ. ಅತಿ ಹೆಚ್ಚು, ಅತಿ ಕಡಿಮೆ ಅಂಕ ತೆಗೆದುಹಾಕಿ ಉಳಿದಿದ್ದರ ಸರಾಸರಿ. ಕೇಳೋಕೆ ಎಷ್ಟು ಚೆನ್ನಾಗಿದೆ! ಆದರೆ ಜಡ್ಜ್‌ಗಳ ಮೇಲೆ ಒತ್ತಡ ಬರಬಾರದು ಅನ್ನೋ ನೆಪದಲ್ಲಿ ಯಾವ ಅಂಕ ಯಾರು ಕೊಟ್ಟಿದ್ದು ಅನ್ನೋದನ್ನೇ ಮುಚ್ಚಿಟ್ಟರು. ಕಳ್ಳತನ ಆಯ್ತು ಅಂತ ದೂರು ಕೊಟ್ಟರೆ ಬೀದಿದೀಪ ಆರಿಸಿದ ಹಾಗಾಯ್ತು. 2016ರವರೆಗೂ ಈ ಗೋಪ್ಯ ಮುಂದುವರೀತು. ನಡುವೆ 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಸೋಟ್ನಿಕೋವಾ 224.59, ಕೊರಿಯಾದ ಕಿಮ್ ಯುನಾ 219.11. ಹತ್ತು ಲಕ್ಷಕ್ಕೂ ಹೆಚ್ಚು ಜನ ಮರುಪರಿಶೀಲನೆ ಕೇಳಿ ಸಹಿ ಹಾಕಿದರು. ದಶಮಾಂಶದ ಎರಡು ಸ್ಥಾನದವರೆಗೆ ಲೆಕ್ಕ ಹಾಕಿದರೂ ಹತ್ತನೇ ಜಡ್ಜ್ ಒಪ್ಪಲಿಲ್ಲ!

ಆದರೆ ಸೋಚಿ ಅಂದ ತಕ್ಷಣ ಜಪಾನಿನವರಿಗೆ ನೆನಪಾಗೋದು ಆ ಜಗಳ ಅಲ್ಲ. ಆರನೇ ಸ್ಥಾನ.

ಮಾವೊ ಅಸಾದಾ. ಮೂರೂವರೆ ಸುತ್ತಿನ ಟ್ರಿಪಲ್ ಆಕ್ಸೆಲ್ ಜಿಗಿತವನ್ನ ಹೆಂಗಸರಲ್ಲಿ ಬೆರಳೆಣಿಕೆಯವರು ಮಾಡ್ತಿದ್ದ ಕಾಲದಲ್ಲಿ ಅದನ್ನೇ ತನ್ನ ಗುರುತು ಮಾಡಿಕೊಂಡವಳು. 2010ರ ವ್ಯಾಂಕೋವರ್‌ನಲ್ಲಿ ಬೆಳ್ಳಿ. 2011ರ ಡಿಸೆಂಬರ್‌ನಲ್ಲಿ ತಾಯಿ ತೀರಿಕೊಂಡರು. ಸೋಚಿ ಆಕೆಯ ಕೊನೇ ಒಲಿಂಪಿಕ್ಸ್ ಅಂತ ಎಲ್ಲರೂ ಅಂದುಕೊಂಡಿದ್ದರು. ಶಾರ್ಟ್ ಪ್ರೋಗ್ರಾಮ್‌ನಲ್ಲಿ ಬಿದ್ದಳು, ಒಂದಾದ ಮೇಲೊಂದು ತಪ್ಪಾಯ್ತು. 55.51 ಅಂಕ, 16ನೇ ಸ್ಥಾನ. ಪದಕದ ಮಾತು ಅಲ್ಲಿಗೆ ಮುಗೀತು. ಜಪಾನಿನ ಮಾಜಿ ಪ್ರಧಾನಿಯೊಬ್ಬರು, ಈ ಹುಡುಗಿ ಮುಖ್ಯವಾದ ಹೊತ್ತಿನಲ್ಲೇ ಬೀಳ್ತಾಳೆ ಅನ್ನೋ ಅರ್ಥದ ಮಾತು ಬೇರೆ ಆಡಿದರು. ಕೆಲವರಿಗೆ ಬಾಯಿ ಮುಚ್ಚಿಕೊಂಡಿರೋದು ಬರೋದೇ ಇಲ್ಲ.

ಮಾರನೇ ದಿನ ಫ್ರೀ ಸ್ಕೇಟಿಂಗ್. 16ನೇ ಸ್ಥಾನದವರ ಸರದಿ ಪದಕದ ಪೈಪೋಟಿಗೆ ಎಷ್ಟೋ ಮೊದಲೇ ಬರುತ್ತೆ, ಟಿವಿಯವರು ಜಾಹೀರಾತು ಹಾಕೋ ಹೊತ್ತು ಅದು. ಜಪಾನಿನಲ್ಲಿ ಮಧ್ಯರಾತ್ರಿ ದಾಟಿತ್ತು. ಆದರೂ ದೇಶ ಎದ್ದು ಕೂತಿತ್ತು. ಪಿಯಾನೊದ ಮೇಲೆ ರಾಹ್ಮಾನಿನಾಫ್ ಶುರುವಾಯ್ತು. ಟ್ರಿಪಲ್ ಆಕ್ಸೆಲ್, ನಿಂತಳು. ಮುಂದಿನದು, ನಿಂತಳು. ಅದರ ಮುಂದಿನದು, ನಿಂತಳು. ಸಂಗೀತ ಮುಗಿದಾಗ ಮುಖ ಮೇಲೆತ್ತಿದಳು, ಅಳು ಒತ್ತರಿಸಿ ಬಂತು, ಮರುಕ್ಷಣ ನಕ್ಕಳು. 142.71. ಅಲ್ಲಿಯವರೆಗಿನ ಅವಳ ಅತ್ಯುತ್ತಮ ಅಂಕ. ಫ್ರೀ ಸ್ಕೇಟಿಂಗ್‌ನಲ್ಲಿ ಮೂರನೆಯವಳು, ಒಟ್ಟಾರೆ ಆರನೆಯವಳು. ದಾಖಲೆ ಪುಸ್ತಕ ತೆರೆದರೆ ಆರನೇ ಸಾಲು. ಅಷ್ಟೇ. ಆ ನಾಲ್ಕು ನಿಮಿಷ ನೋಡಿದವರನ್ನ ಕೇಳಿ, ಆ ವರ್ಷ ಚಿನ್ನ ಯಾರಿಗೆ ಬಂತು ಅನ್ನೋದು ಕೆಲವರಿಗೆ ತಕ್ಷಣ ನೆನಪಾಗಲ್ಲ.

ಬೇರೆ ಆಟದಲ್ಲಿ ಇದು ಕಷ್ಟ. ಸೋತ ತಂಡದ ಮ್ಯಾಚ್ ಎಷ್ಟು ಸಲ ಹಾಕಿಕೊಂಡು ನೋಡ್ತೀರಿ? ಇಲ್ಲಿ ಸೋಲೂ ಒಂದು ಪ್ರದರ್ಶನ. ಆಡಿ ಮುಗಿಸಿದವರು ಬೆವರು ಒರೆಸಿಕೊಂಡು ಅಂಕಕ್ಕೆ ಕಾಯೋ ಒಂದು ಬೆಂಚಿದೆ. ಅದರ ಹೆಸರೇ ‘ಕಿಸ್ ಅಂಡ್ ಕ್ರೈ’. ಕ್ಯಾಮೆರಾ ಮುಖದ ಮೇಲೇ ಇರುತ್ತೆ. ಹೆಲ್ಮೆಟ್ ಇಲ್ಲ, ತಂಡ ಇಲ್ಲ, ಡ್ರೆಸಿಂಗ್ ರೂಮಿಗೆ ಓಡಿಹೋಗೋ ಹಾಗಿಲ್ಲ. ವರ್ಷಗಟ್ಟಲೆ ಅಭ್ಯಾಸ, ನಾಲ್ಕು ನಿಮಿಷದ ಆಟ, ಆಮೇಲೆ ಎಲ್ಲರೆದುರಿಗೆ ಫಲಿತಾಂಶ. ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳನ್ನ ರಿಸಲ್ಟ್ ದಿನ ಕ್ಯಾಮೆರಾ ಮುಂದೆ ಕೂರಿಸಿದ ಹಾಗೆ.

ಮಕ್ಕಳು ಅಂದೆ. ಅಲ್ಲಿಗೇ ಬರಬೇಕಾಗಿದೆ.

ಹೊಸ ದರಪಟ್ಟಿಯಲ್ಲಿ ಮೂರು ಸುತ್ತಿನ ಲುಟ್ಸ್ ಜಿಗಿತಕ್ಕೆ 5.90. ಅದೇ ಜಿಗಿತ ನಾಲ್ಕು ಸುತ್ತಾದರೆ 11.50. ಒಂದೇ ಒಂದು ಸುತ್ತಿಗೆ ಬೆಲೆ ಹತ್ತಿರಹತ್ತಿರ ದುಪ್ಪಟ್ಟು. ಇಂಜಿನಿಯರಿಂಗ್ ಮೊದಲ ವರ್ಷದ ಪಾಠದಲ್ಲೇ ಇದರ ಲೆಕ್ಕ ಇದೆ. ಗಿರಕಿ ಹೊಡೆಯುವವರು ಕೈಗಳನ್ನ ಎದೆಗೆ ಎಳೆದುಕೊಂಡರೆ ವೇಗ ಏರುತ್ತೆ. ಪುಸ್ತಕದಲ್ಲಿ ಉದಾಹರಣೆಗೆ ಸ್ಕೇಟರ್ ಚಿತ್ರವನ್ನೇ ಹಾಕಿರ್ತಾರೆ. ತೂಕ ಅಕ್ಷದಿಂದ ಎಷ್ಟು ದೂರ ಇದೆಯೋ ಆ ದೂರದ ವರ್ಗದಷ್ಟು ಅಡ್ಡಿ. ದೂರ ಅರ್ಧವಾದರೆ ಅಡ್ಡಿ ಕಾಲು ಭಾಗ. ಗಾಳಿಯಲ್ಲಿ ಸಿಗೋದು ಸುಮಾರು 0.7 ಸೆಕೆಂಡ್. ಅಷ್ಟರಲ್ಲಿ ನಾಲ್ಕು ಸುತ್ತು ಸುತ್ತಬೇಕು ಅಂದ್ರೆ ಮೈ ಕಡ್ಡಿಯ ಹಾಗಿರಬೇಕು. ಹೆಣ್ಣುಮಕ್ಕಳ ಮೈ ಕಡ್ಡಿಯ ಹಾಗಿರೋದು ಯಾವಾಗ? ದೊಡ್ಡವರಾಗೋಕೆ ಮುಂಚೆ. ಸೂತ್ರ ಸರಿಯಾಗೇ ಇದೆ. ಉತ್ತರ ನೋಡಿದರೆ ಹೊಟ್ಟೆ ಕಿವುಚುತ್ತೆ.

2022ರ ಬೀಜಿಂಗ್. ಕಮೀಲಾ ವಲಿಯೆವಾ, ರಷ್ಯಾದ ಹುಡುಗಿ, ವಯಸ್ಸು 15. ಒಲಿಂಪಿಕ್ಸ್‌ನಲ್ಲಿ ನಾಲ್ಕು ಸುತ್ತಿನ ಜಿಗಿತ ಮಾಡಿದ ಮೊದಲ ಹೆಣ್ಣು. ತಂಡಕ್ಕೆ ಮೊದಲ ಸ್ಥಾನ ತಂದುಕೊಟ್ಟಳು. ಮಾರನೇ ದಿನ ವರದಿ ಬಂತು. 2021ರ ಡಿಸೆಂಬರ್ 25ರಂದು ಕೊಟ್ಟ ಮಾದರಿಯಲ್ಲಿ ಟ್ರೈಮೆಟಾಜಿಡಿನ್ ಅನ್ನೋ ನಿಷೇಧಿತ ಹೃದಯದ ಔಷಧ. ಆಡಲಿ ಅಂತ ನ್ಯಾಯಮಂಡಳಿ ಬಿಟ್ಟಿತು. ಆದರೆ ಈಕೆ ಮೊದಲ ಮೂವರಲ್ಲಿ ಬಂದರೆ ಪದಕ ಸಮಾರಂಭವೇ ಇಲ್ಲ ಅಂತ ಒಲಿಂಪಿಕ್ ಸಮಿತಿ ಘೋಷಿಸಿತು. ಹದಿನೈದರ ಮಗು ಗೆದ್ದರೂ ತಪ್ಪು, ಸೋತರೂ ತಪ್ಪು. ಫೆಬ್ರವರಿ 17ರಂದು ಫ್ರೀ ಸ್ಕೇಟಿಂಗ್‌ನಲ್ಲಿ ಎಡವಿದಳು, ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ನಾಲ್ಕನೇ ಸ್ಥಾನ. ಹೊರಬಂದ ಮಗುವಿಗೆ ಒಂದು ಅಪ್ಪುಗೆ ಇಲ್ಲ, ಯಾಕೆ ಹೋರಾಟ ಬಿಟ್ಟೆ ಅನ್ನೋ ಕೋಚ್‌ನ ಪ್ರಶ್ನೆ. ಅದೂ ಕ್ಯಾಮೆರಾದಲ್ಲಿ. ಬೆಳ್ಳಿ ಗೆದ್ದ 17ರ ಟ್ರುಸೋವಾ, ನಾಲ್ಕು ಸುತ್ತಿನ ಐದು ಜಿಗಿತ ಹಾಕಿದವಳು, ಇನ್ನೆಂದೂ ಮಂಜುಗಡ್ಡೆಗೆ ಕಾಲಿಡಲ್ಲ ಅಂತ ಚೀರಾಡ್ತಿದ್ದಳು. ಚಿನ್ನ ಗೆದ್ದ ಷೆರ್ಬಕೋವಾ ಒಬ್ಬಳೇ ಒಂದು ಮೂಲೆಯಲ್ಲಿ ಗೊಂಬೆ ಹಿಡಿದು ಕೂತಿದ್ದಳು. ಗೆದ್ದವಳ ಪಕ್ಕದಲ್ಲಿ ಮಾತಾಡಿಸೋಕೂ ಯಾರಿರಲಿಲ್ಲ.

ಅವತ್ತು ಹತ್ತನೇ ಜಡ್ಜ್ ಏನು ಮಾಡಬೇಕಿತ್ತು? ಇನ್ನೊಂದು ಸುತ್ತು, ಇನ್ನೊಂದು ಸುತ್ತು ಅಂತ ಚಪ್ಪಾಳೆ ಹೊಡೆದಿದ್ದು ಪ್ರೇಕ್ಷಕರೇ ತಾನೇ? ಆ 15 ವರ್ಷದವಳು ಮಾತ್ರೆಗಳನ್ನ ತಾನೇ ಅಂಗಡಿಗೆ ಹೋಗಿ ಕೊಂಡು ತಂದಳಾ? 2024ರ ಜನವರಿಯಲ್ಲಿ ಅವಳಿಗೆ ನಾಲ್ಕು ವರ್ಷ ನಿಷೇಧ ಬಂತು. ಸುತ್ತಲಿದ್ದ ದೊಡ್ಡವರು ಅವರವರ ಕೆಲಸ ಮುಂದುವರಿಸಿದರು. ಒಕ್ಕೂಟ ಹಿರಿಯರ ವಿಭಾಗದ ಕನಿಷ್ಠ ವಯಸ್ಸನ್ನ 15ರಿಂದ ಹಂತಹಂತವಾಗಿ 17ಕ್ಕೆ ಏರಿಸಿತು. ಒಳ್ಳೆಯ ನಿರ್ಧಾರ. ತಡವಾದ ನಿರ್ಧಾರ.

ಅದೇ ಬೀಜಿಂಗ್‌ನಲ್ಲಿ, ಅದಕ್ಕೆ ಸರಿಯಾಗಿ ಒಂದು ವಾರ ಮೊದಲು, ಇನ್ನೊಂದು ನಾಲ್ಕನೇ ಸ್ಥಾನ ಬಂದಿತ್ತು. ಯುಜುರು ಹಾನ್ಯು. ಜಪಾನಿನ ಸೆಂಡೈ ನಗರದವನು. 2011ರ ಮಾರ್ಚ್ 11ರ ಭೂಕಂಪದ ಹೊತ್ತಿಗೆ 16 ವರ್ಷದ ಹುಡುಗ, ಅಭ್ಯಾಸ ಮಾಡ್ತಿದ್ದ. ಕಾಲಲ್ಲಿ ಸ್ಕೇಟ್ ಇರುವಂತೆಯೇ ಹೊರಗೆ ಓಡಿದ್ದ. ಮನೆಯವರ ಜೊತೆ ನಿರಾಶ್ರಿತರ ಕೇಂದ್ರದಲ್ಲಿ ದಿನ ಕಳೆದ. ಮೂರು ವರ್ಷದಲ್ಲಿ ಒಲಿಂಪಿಕ್ ಚಿನ್ನ. 2018ರಲ್ಲಿ ಮತ್ತೆ ಚಿನ್ನ. ಗಂಡಸರಲ್ಲಿ ಸತತ ಎರಡು ಚಿನ್ನ 1948 ಮತ್ತು 1952ರ ಡಿಕ್ ಬಟನ್ ನಂತರ ಇವನಿಗೇ. ಆಟ ಮುಗಿದರೆ ಅಭಿಮಾನಿಗಳು ಎಸೆಯೋ ‘ವಿನ್ನಿ ದ ಪೂ’ ಕರಡಿ ಗೊಂಬೆಗಳಿಂದ ಮಂಜುಗಡ್ಡೆ ಹಳದಿಯಾಗ್ತಿತ್ತು. ಅವನ್ನ ಹೆಕ್ಕೋಕೆ ಮಕ್ಕಳ ಒಂದು ಪಡೆಯೇ ಬೇಕು.

ಇಂಥವನು ಬೀಜಿಂಗ್‌ಗೆ ಬಂದಿದ್ದು ಮೂರನೇ ಚಿನ್ನಕ್ಕಿಂತ ಹೆಚ್ಚಾಗಿ ಒಂದು ಜಿಗಿತಕ್ಕೆ. ನಾಲ್ಕೂವರೆ ಸುತ್ತಿನ ಕ್ವಾಡ್ ಆಕ್ಸೆಲ್. ಅಲ್ಲಿಯವರೆಗೆ ಸ್ಪರ್ಧೆಯಲ್ಲಿ ಯಾರೂ ಮಾಡಿ ನಿಂತಿರಲಿಲ್ಲ. ಲೆಕ್ಕ ಹಾಕಿದರೆ ಇದು ಮೂರ್ಖತನ. ದರಪಟ್ಟಿಯಲ್ಲಿ ಅದರ ಬೆಲೆ 12.50. ಲುಟ್ಸ್‌ಗಿಂತ ಬರೀ ಒಂದು ಅಂಕ ಹೆಚ್ಚು, ಅಪಾಯ ಎಷ್ಟೋ ಪಾಲು ಹೆಚ್ಚು. ಬಿದ್ದರೆ ಇರೋದೂ ಹೋಗುತ್ತೆ. ಶಾರ್ಟ್ ಪ್ರೋಗ್ರಾಮ್‌ನಲ್ಲಿ ಬ್ಲೇಡ್ ಮಂಜುಗಡ್ಡೆಯ ಒಂದು ಗುಳಿಗೆ ಸಿಕ್ಕಿ ಆಗಲೇ ಎಂಟನೇ ಸ್ಥಾನಕ್ಕೆ ಇಳಿದಿದ್ದ. ಜಾಣನಾದವನು ಸುಲಭದ ಜಿಗಿತ ಹಾಕಿ ಪದಕಕ್ಕೆ ಪ್ರಯತ್ನ ಪಡ್ತಿದ್ದ. ಇವನು ಫೆಬ್ರವರಿ 10ರಂದು ಆ ಜಿಗಿತವನ್ನೇ ಮೊದಲು ಹಾಕಿದ. ಬಿದ್ದ. ಸುತ್ತು ಸ್ವಲ್ಪ ಕಡಿಮೆ ಬಿತ್ತು ಅಂತ ತಾಂತ್ರಿಕ ತಂಡ ಗುರುತು ಹಾಕಿತು. ಆದರೆ ಅದನ್ನ ಕ್ವಾಡ್ ಆಕ್ಸೆಲ್ ಅಂತಲೇ ದಾಖಲಿಸಿತು. ಪೂರ್ತಿ ಸುತ್ತಿ ನಿಂತವನು ಬಂದಿದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಅಮೆರಿಕದ ಇಲ್ಯಾ ಮಲಿನಿನ್, ಹದಿನೇಳು ವರ್ಷದ ಹುಡುಗ.

ವಲಿಯೆವಾ ಬಿದ್ದಾಗ ಉಸಿರು ಕಟ್ಟಿದ್ದ ಜನ ಹಾನ್ಯು ಬಿದ್ದಾಗ ಯಾಕೆ ಕಣ್ಣೀರಲ್ಲೂ ಹೆಮ್ಮೆಪಟ್ಟರು? ಇಬ್ಬರೂ ನಾಲ್ಕನೆಯವರೇ. 27 ವರ್ಷದವನು ತಾನು ಬೀಳಬಹುದು ಅಂತ ಗೊತ್ತಿದ್ದೂ ತಾನೇ ಆರಿಸಿಕೊಂಡ. 15ರವಳ ಪರವಾಗಿ ಯಾರೋ ಆರಿಸಿದ್ದರು. ಈ ವ್ಯತ್ಯಾಸಕ್ಕೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ. ನೋಡೋ ಕಣ್ಣಿಗೆ ಅದು ಮೊದಲೇ ಕಂಡಿತ್ತು.

2022ರ ಜುಲೈನಲ್ಲಿ ಹಾನ್ಯು ಸ್ಪರ್ಧೆಗೆ ವಿದಾಯ ಹೇಳಿದ. ಇನ್ನು ಅಂಕಕ್ಕಾಗಿ ಆಡಲ್ಲ ಅಂದ. ಸ್ಪರ್ಧೆ ಇಲ್ಲದ ಸ್ಕೇಟಿಂಗ್ ಯಾರು ನೋಡ್ತಾರೆ ಅಂತ ಕೇಳಬಹುದು ನೀವು. 2023ರ ಫೆಬ್ರವರಿ 26. ಟೋಕಿಯೊ ಡೋಮ್. ಬೇಸ್‌ಬಾಲ್ ಆಡೋ ಜಾಗ, ಅವತ್ತು ಮಂಜುಗಡ್ಡೆ ಹಾಸಿದ್ದರು. ಒಬ್ಬನೇ ಸ್ಕೇಟರ್. ನೋಡೋಕೆ 35 ಸಾವಿರ ಜನ. ಜಡ್ಜ್‌ಗಳ ಮೇಜು ಇರಲಿಲ್ಲ.